ಅಳಿಸಿದ ಸದ್ದನ್ನು ಮರಳಿಸುವ ಬಗ್ಗೆ

ಮಾನ್ಯರೇ,

ಸದ್ದಡಗಿಸುವ ಹೆಡ್‌ಫೋನ್ ತಯಾರಿಸುವ ಕಂಪನಿಯ ಘನತೆವೆತ್ತ ಮುಖ್ಯಸ್ಥರ ಸನ್ನಿಧಾನಕ್ಕೆ, ಸಮೋವಾದ ಸವಾಯಿ ದ್ವೀಪದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಊರಿನ ಗಂಟೆ ಬಾರಿಸಿಕೊಂಡಿರುವ ಕಿರಿಸೋಮೆ ಮಾಡುವ ಅನಂತ ನಮಸ್ಕಾರಗಳು. ತಮಗೂ, ತಮ್ಮ ಧರ್ಮಪತ್ನಿಯವರಿಗೂ, ತಮ್ಮ ಹಂದಿಗಳಿಗೂ ದೇವರು ಆಯುರಾರೋಗ್ಯ ಕೊಡಲಿ. ಹಂದಿಗಳಿಲ್ಲದಿದ್ದರೆ ಆ ಪಾಲಿನ ಆರೋಗ್ಯವನ್ನೂ ತಾವೇ ಇಟ್ಟುಕೊಳ್ಳಬಹುದು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬಹಿರಂಗ ಪತ್ರವಾದ್ದರಿಂದ ನಾಲ್ಕು ಜನ ಓದಿ, ಹೋಗಿ ಕೊಂಡುಬಿಟ್ಟಾರೆಂಬ ಭಯವಿದೆ.

ತಮ್ಮ ಮಾಲಿನಲ್ಲಿ ದೋಷವಿದೆಯೆಂದು ನಾನು ದೂರುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬಾರದು. ಅದು ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡಿತು. ನಮ್ಮ ಊರಿನಲ್ಲಿ ಹೇಳಿದ ಕೆಲಸವನ್ನು ಹೇಳಿದಂತೆ ಮಾಡುವವರು ಯಾರೂ ಇಲ್ಲದ ಕಾರಣ ನಾನು ಅದಕ್ಕೆ ಸಿದ್ಧನಾಗಿರಲಿಲ್ಲ, ಅಷ್ಟೇ.

ನಾನು ಚರ್ಚಿನ ಗಾಯನ ತಂಡದಲ್ಲಿ ಮಂದ್ರದ ದನಿಯವನು. ಹೋದ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ನಾವು ಸೋತದ್ದು ಹಾಡಿನ ನಾಲ್ಕನೇ ಸಾಲಿನಲ್ಲಿ ನಾನೊಬ್ಬನೇ ಶ್ರುತಿ ಬಿಟ್ಟದ್ದರಿಂದ ಎಂದು ತಂಡ ನಡೆಸುವ ಪಾದ್ರಿಯವರ ಪತ್ನಿ ಇಡೀ ಸಭೆಯ ಎದುರು, ಅತ್ಯಂತ ಪ್ರೀತಿಯಿಂದ, ನನ್ನ ಹೆಸರು ಹೇಳದೆ, ನನ್ನನ್ನೇ ನೋಡುತ್ತ ತಿಳಿಸಿದರು. ಈ ವರ್ಷ ಅವರು ಇಡೀ ತಂಡದ ಅಭ್ಯಾಸವನ್ನು ಧ್ವನಿಮುದ್ರಿಸಿ ಕೊಟ್ಟು, ದಿನಾ ಕೇಳಬೇಕೆಂದು ಆಜ್ಞಾಪಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನು ಫಲ ಎಂದು ನನ್ನ ಹೆಂಡತಿ ಎಸೆತಾ ಕೇಳಿದಳು. ಆದರೂ ನಾನು ಕೇಳಲು ಹೊರಟೆ.

ಕೇಳುವುದು ಯಾವುದರಲ್ಲಿ? ಮನೆಯಲ್ಲಿ ಹದಿಮೂರು ಜನಕ್ಕೆ ಒಂದು ಫೋನು. ನಾನು ಹಾಡು ಹಚ್ಚಿದ ಮರುಗಳಿಗೆಯೇ ಯಾರೋ ಒಬ್ಬ ಸೊಸೆಗೆ ತವರಿನ ನೆನಪಾಗುತ್ತದೆ. ನನ್ನ ಷಡ್ಡಕ ದಯಪಾಲಿಸಿದ, ಕಿವಿಯೊಳಗೆ ಸಿಕ್ಕಿಸುವ ಗುಂಡಿಗಳಲ್ಲಿ ಬಲಗಡೆಯದು ಕಾಯಿ ಸುಲಿಯಲು ಬಗ್ಗಿದಾಗ ಬಿದ್ದು, ನಮ್ಮ ಕೆಂಪು ಹೇಂಟೆ ಅದನ್ನು ಕಚ್ಚಿಕೊಂಡು ಓಡಿತು. ಆದ್ದರಿಂದ ಹಾಡಿಗೇ ಮೀಸಲಾದ ಒಂದು ಪ್ಲೇಯರು, ಕೋಳಿ ಎತ್ತಲಾಗದ ಒಂದು ಹೆಡ್‌ಫೋನು ಬೇಕೆಂದು ನಿಶ್ಚಯಿಸಿ, ಒಂದು ಹಂದಿ ಮಾರಿ, ಹಡಗು ಹತ್ತಿ ಆಪಿಯಾ ಪೇಟೆಗೆ ಹೋದೆ.

ಅಂಗಡಿಯಲ್ಲಿ ಲಾಂಗಿ ಎಂಬ ಹುಡುಗಿ ಇಡೀ ಮುಂಜಾನೆಯನ್ನು ನನಗಾಗಿ ಮುಡಿಪಿಟ್ಟಳು. ನಲವತ್ತು ಸಾವಿರ ಹಾಡು ಹಿಡಿಯುವ ಪ್ಲೇಯರನ್ನು ತೋರಿಸಿದಳು. ನನಗೆ ಬೇಕಾದದ್ದು ಒಂದು ಹಾಡಿನ ಒಂದು ಸಾಲು ಎಂದು ಹೇಳಲು ನಾಚಿಕೆಯಾಗಿ ಅದನ್ನೇ ಆರಿಸಿದೆ. ಪರದೆ ಮುಟ್ಟಿ ನಡೆಸುವ ಬಗೆ ಬೇಡವೆಂದೆ, ಕೆಸುವಿನ ಗೆಡ್ಡೆ ಕೀಳುವ ಬೆರಳಿಗೆ ಗುಂಡಿಯೇ ಸರಿ. ಹೆಡ್‌ಫೋನುಗಳಲ್ಲಿ ಕಿವಿಯ ಮೇಲೆ ಕೂರುವವು, ಕಿವಿಯನ್ನೇ ನುಂಗುವವು, ತಂತಿಯವು, ತಂತಿಯಿಲ್ಲದವು ಎಂದು ಹನ್ನೊಂದು ಬಗೆ ಇಟ್ಟಳು. ನಾನು ಗೊಂದಲಕ್ಕೆ ಬಿದ್ದದ್ದನ್ನು ಕಂಡು ಒಂದೇ ಪ್ರಶ್ನೆಗೆ ಇಳಿಸಿದಳು.

"ದೊಡ್ಡಪ್ಪ, ನಿಮ್ಗೆ ಹೊರಗಿನ ಸದ್ದು ಬೇಕೋ ಬೇಡ್ವೋ, ಅಷ್ಟ್ ಹೇಳಿ."

ನಮ್ಮ ಮನೆಯಲ್ಲಿ ಹದಿಮೂರು ಜನ ಇದ್ದೇವೆ ಎಂದೆ. ಅವಳು ಏಣಿ ಹತ್ತಿ, ಮೇಲಿನ ಹಲಗೆಯಿಂದ ತಮ್ಮ ಮಾಲನ್ನು ಇಳಿಸಿದಳು. ಅರ್ಧ ತೆಂಗಿನ ಚಿಪ್ಪಿನಷ್ಟು ದೊಡ್ಡ ಎರಡು ಬಟ್ಟಲು. ನನ್ನ ತಲೆಗೆ ಹಾಕಿದಳು. ರಸ್ತೆ ಹೋಯಿತು, ಫ್ಯಾನು ಹೋಯಿತು, ಅಂಗಡಿಯ ರೇಡಿಯೋ ಹೋಯಿತು. ಆಮೇಲೆ ಅವಳು ಪ್ಲೇಯರಿನ ಗುಂಡಿ ತೋರಿಸುತ್ತ, ಹೆಡ್‌ಫೋನಿನ ಗುಂಡಿ ತೋರಿಸುತ್ತ, ಬಳಸುವ ಕ್ರಮವನ್ನೆಲ್ಲ ಬಹಳ ತಾಳ್ಮೆಯಿಂದ ವಿವರಿಸಿದಳು. ಅವಳ ತುಟಿಗಳು ಚೆನ್ನಾಗಿ ಅಲ್ಲಾಡುತ್ತಿದ್ದವು. ನಾನು ತಲೆಯಾಡಿಸಿ ಕೊಂಡುಬಂದೆ. ಮುಂದಿನ ಅನಾಹುತಕ್ಕೆಲ್ಲ ಬೀಜ ಬಿದ್ದದ್ದು ಅಲ್ಲಿಯೇ.

ಇನ್ನು ನಮ್ಮ ಊರಿನ ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ದಿನಾ ಸೂರ್ಯ ಮುಳುಗುವ ಹೊತ್ತಿಗೆ ಊರಿಗೆ ಊರೇ ಮನೆಯೊಳಗೆ ಕೂತು ಪ್ರಾರ್ಥಿಸಬೇಕು. ಇದನ್ನು ನಾವು 'ಸಾ' ಎನ್ನುತ್ತೇವೆ. ಮೊದಲ ಗಂಟೆಗೆ ಎಲ್ಲರೂ ಮನೆ ಸೇರಬೇಕು, ಎರಡನೆಯದಕ್ಕೆ ಪ್ರಾರ್ಥನೆ ಶುರುವಾಗಬೇಕು, ಮೂರನೆಯದು ಬೀಳುವವರೆಗೆ ಮುಖಂಡನೇ ಆಗಲಿ, ಮುದಿ ನಾಯಿಯೇ ಆಗಲಿ, ರಸ್ತೆಗೆ ಕಾಲಿಡುವಂತಿಲ್ಲ. ದಾರಿಯ ಎರಡೂ ತುದಿಯಲ್ಲಿ ಗಟ್ಟಿಮುಟ್ಟಾದ ಗಂಡಸರು ಕಾವಲು ನಿಂತು ಬಸ್ಸನ್ನೂ ತಡೆಯುತ್ತಾರೆ. ಗಂಟೆಯೆಂದರೆ ದೀವಿಹಲಸಿನ ಮರಕ್ಕೆ ತೂಗುಬಿಟ್ಟ ಖಾಲಿ ಗ್ಯಾಸ್ ಸಿಲಿಂಡರು. ಬಡಿಯುವ ಕಬ್ಬಿಣದ ಸರಳು ನನ್ನ ಕೈಯಲ್ಲಿರುತ್ತದೆ, ಅದಕ್ಕೂ ಮೊದಲು ನನ್ನ ತಾಯಿಯ ಕೈಯಲ್ಲಿತ್ತು. ಗಡಿಯಾರ ನೋಡಿ ಬಾರಿಸುವ ಅಭ್ಯಾಸ ನಮಗಿಲ್ಲ. ಮನೆಮನೆಯ ಹಾಡು ಒಂದೊಂದಾಗಿ ಮುಗಿದು, ಕೊನೆಯ ಮನೆಯ ಹಾಡು ನಿಂತದ್ದನ್ನು ಕಿವಿಯಿಂದಲೇ ಕೇಳಿ ಮೂರನೆಯ ಗಂಟೆ ಬಾರಿಸುವುದು ನನ್ನ ತಾಯಿ ಕಲಿಸಿದ ವಿದ್ಯೆ. ಸಾಮಾನ್ಯವಾಗಿ ಕಾಲು ಗಂಟೆಯ ಕೆಲಸ.

ಆ ಗುರುವಾರ ನಾನು ಬೆಳಗ್ಗೆಯಿಂದ ತಮ್ಮ ಹೆಡ್‌ಫೋನನ್ನು ಇಳಿಸಿರಲಿಲ್ಲ. ಎರಡನೆಯ ಗಂಟೆ ಬಾರಿಸಿ, ಮರದ ಬುಡದಲ್ಲಿ ಕೂತೆ. ಹಾಡು ನಿಲ್ಲಿಸಿ ಹೊರಗಿನ ಸದ್ದನ್ನು ಒಳಗೆ ಬಿಡಲು ಗುಂಡಿಯನ್ನು ಎರಡು ಸಲ ಒತ್ತಬೇಕೆಂದು ಲಾಂಗಿಯ ತುಟಿಗಳಿಂದ ಅರ್ಥ ಮಾಡಿಕೊಂಡಿದ್ದೆ. ಒತ್ತಿದೆ. ಎರಡು ಸಲವೇ ಒತ್ತಬೇಕಿತ್ತು, ಆದರೆ ಹೆಡ್‌ಫೋನಿನ ಗುಂಡಿಯನ್ನು. ಪ್ಲೇಯರಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಅದೇ ಹಾಡು ಕೊನೆಯಿಲ್ಲದೆ ಮರಳಿ ಮರಳಿ ಬರುತ್ತದೆಂದು ಈಗ ಗೊತ್ತಾಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾನ್ಯರೇ, ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಿ. ಕಣ್ಣು ಮುಚ್ಚಿ ಕೂತಿದ್ದೇನೆ. ಕಿವಿಯಲ್ಲಿ ನಮ್ಮ ಊರಿನವರೇ, ಅದೇ ದನಿಗಳಲ್ಲಿ, ದೇವರ ಹಾಡು ಹಾಡುತ್ತಿದ್ದಾರೆ. ಹಾಡು ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಶುರು. ಆಹಾ, ಈ ದಿನ ಊರಿಗೆ ಎಂಥ ಭಕ್ತಿ ಬಂದಿದೆ ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ಭಕ್ತಿಯ ನಡುವೆ ಗಂಟೆ ಬಡಿಯುವ ಪಾಪಿ ನಾನಾಗಬಾರದೆಂದು ಕೂತೇ ಇದ್ದೆ. ಅತ್ತ ಊರಿನವರೋ, ಮೂರನೆಯ ಗಂಟೆ ಬೀಳಲಿಲ್ಲವೆಂದು, ಏಳುವಂತಿಲ್ಲವೆಂದು, ಹಾಡುತ್ತಲೇ ಇದ್ದರು. ಬಂದು ನನ್ನನ್ನು ಅಲ್ಲಾಡಿಸೋಣವೆಂದರೆ ರಸ್ತೆಗಿಳಿದವನಿಗೆ ದಂಡ. ಕಾವಲಿನವರೂ ಜಾಗ ಬಿಟ್ಟು ಕದಲುವಂತಿಲ್ಲ. ಕಾದ ಕಲ್ಲಿನ ಒಲೆಗಳಲ್ಲಿ ಮೀನು ಕರಕಾಯಿತು. ರಸ್ತೆಯಲ್ಲಿ ನಿಂತ ಬಸ್ಸಿನವರು ತಮ್ಮ ಪಾಡಿಗೆ ಬೇರೆಯೇ ಒಂದು ಹಾಡು ಹಿಡಿದರು.

ಹೀಗೆ ಒಂದು ಗಂಟೆ ನಲವತ್ತು ನಿಮಿಷ ನಡೆಯಿತು. ಆಗ ತಮ್ಮ ಬ್ಯಾಟರಿ ಮುಗಿದು ಕಿವಿಯ ಹಾಡು ನಿಂತಿತು, ನಾನು ಮೂರನೆಯ ಗಂಟೆ ಬಾರಿಸಿದೆ. ಡಬ್ಬಿಯ ಮೇಲೆ ಮೂವತ್ತು ಗಂಟೆ ಎಂದು ಮುದ್ರಿಸಿ ಹನ್ನೆರಡಕ್ಕೇ ಮುಗಿಸಿದ ತಮ್ಮ ಸುಳ್ಳಿಗೆ ಇಡೀ ಊರು ಋಣಿಯಾಗಿದೆ. ತಾವು ಸತ್ಯವಂತರಾಗಿದ್ದರೆ ನಾವು ಮರುದಿನ ಮಧ್ಯಾಹ್ನದವರೆಗೆ ದೇವರನ್ನು ಕಾಡುತ್ತಿದ್ದೆವು.

ಆದರೆ ಅಷ್ಟು ಹೊತ್ತು ಪ್ರಾರ್ಥಿಸಲು ಯಾರ ಬಳಿಯೂ ಸರಕಿರಲಿಲ್ಲ. ರೋಗಿಗಳು ಮುಗಿದರು, ಬಂಧುಗಳು ಮುಗಿದರು, ಆಕ್ಲೆಂಡಿನಲ್ಲಿರುವ ಬಂಧುಗಳೂ ಮುಗಿದರು. ಕೊನೆಗೆ ಉಳಿದದ್ದು ಅವರವರ ಪಾಪಗಳು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ನಮ್ಮ ಮನೆಗಳಿಗೆ ಬರೀ ಕಂಬಗಳು, ಗೋಡೆಯೇ ಇಲ್ಲವಾದ್ದರಿಂದ ಆ ಕೆಲಸವನ್ನು ನೆರೆಮನೆಯವರೇ ಮಾಡುತ್ತಾರೆ. ಸಾ ಹೊತ್ತಿನಲ್ಲಿ ಕಿವಿಗೆ ಬಿದ್ದ ಪ್ರಾರ್ಥನೆಯನ್ನು ಆಮೇಲೆ ಯಾರೂ ಬಾಯಿಗೆ ತರಬಾರದೆಂಬುದು ಊರಿನ ಕಟ್ಟಳೆ, ಯಾರೂ ತರಲಿಲ್ಲ. ಆದರೆ ಮರುದಿನ ಬೆಳಗ್ಗೆ ಮೂರು ವರ್ಷದ ಹಿಂದೆ ಮಾಯವಾಗಿದ್ದ ವಾಲಿಬಾಲ್ ಬಲೆ ಕಂಬಕ್ಕೆ ಕಟ್ಟಿತ್ತು, ಪಾದ್ರಿಯವರ ಕೊಡಲಿ ಅವರ ಮೆಟ್ಟಿಲ ಮೇಲಿತ್ತು, ಕಳೆದುಹೋಗಿದ್ದ ಒಂದು ಹಂದಿ ನಾಲ್ಕು ಮರಿಗಳೊಂದಿಗೆ ತವರಿಗೆ ಬಂದಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸೋಮವಾರ ಮುಖಂಡರ ಸಭೆ ಸೇರಿತು. ಹೊರಬಿದ್ದ ಗುಟ್ಟುಗಳ ಬಗ್ಗೆ ಮಾತಾಡುವಂತಿರಲಿಲ್ಲವಾದ್ದರಿಂದ ಎಲ್ಲರೂ ಸುಟ್ಟ ಮೀನಿನ ಬಗ್ಗೆಯೇ ಕೆಂಡ ಕಾರಿದರು. ಹಿರಿಯ ಮುಖಂಡ ಲೌಫಿಸೋ ಎದ್ದುನಿಂತು ಹೇಳಿದ ಒಂದೇ ಮಾತು ನನಗಿನ್ನೂ ಕಿವಿಯಲ್ಲಿದೆ.

"ಕಿರಿಸೋಮೆ, ನಿನ್ನ ದೆಸೆಯಿಂದ ನಾನು ನಮ್ಮತ್ತೆ ಆಯಸ್ಸಿಗೋಸ್ಕರ ಎರಡ್ ಸಲ ಬೇಡ್ಕೊಬೇಕಾಯ್ತು."

ನನಗೆ ಒಂದು ಹಂದಿ, ಎರಡು ಪೆಟ್ಟಿಗೆ ಡಬ್ಬಿ ಮೀನು ದಂಡ ಬಿತ್ತು. ಸರಳನ್ನು ಕಿತ್ತುಕೊಳ್ಳಲಿಲ್ಲ, ಆದರೆ ಇನ್ನು ಮುಂದೆ ನನ್ನ ಹೆಂಡತಿ ದಿನಾ ಸಂಜೆ ನನ್ನ ಪಕ್ಕ ಕೂತು ಮೂರನೆಯ ಗಂಟೆಗೆ ನನ್ನ ಪಕ್ಕೆ ತಿವಿಯಬೇಕೆಂದು ತೀರ್ಮಾನವಾಯಿತು.

ಮಾನ್ಯರೇ, ಇವೆಲ್ಲವನ್ನೂ ನಾನು ನುಂಗಿಕೊಂಡಿದ್ದೇನೆ. ಮಾಡಿದ್ದುಣ್ಣೋ ಮಹರಾಯ. ನನ್ನ ನಿಜವಾದ ದೂರು ಈಗ ಬರುತ್ತದೆ. ಆ ಸಂಜೆ ಮನೆಯವರೆಲ್ಲರ ಪ್ರಾರ್ಥನೆಯ ಸರಕು ಮುಗಿದ ಮೇಲೆ, ಗಂಟೆ ಇನ್ನೂ ಬೀಳದಿರುವಾಗ, ಎಸೆತಾ ನನ್ನ ಬಗ್ಗೆ ದೇವರೊಂದಿಗೆ ಮಾತಾಡಿದಳಂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನ ಬಗ್ಗೆ ನನ್ನೆದುರು ಆಡಿದ ಅತಿ ದೊಡ್ಡ ಮೆಚ್ಚುಗೆಯ ಮಾತು, ನಾನು ಹೊಸದಾಗಿ ಕಟ್ಟಿದ ದೋಣಿಯನ್ನು ನೋಡಿ "ಸೋರಲ್ಲ" ಎಂದದ್ದು. ಅಂಥವಳು ಜೋರಾಗಿ, ಉದ್ದಕ್ಕೆ, ಹದಿಮೂರರಲ್ಲಿ ಉಳಿದ ಹನ್ನೊಂದೂ ಮಂದಿಯ ಎದುರು ಮಾತಾಡಿದ್ದಾಳೆ. ನಮ್ಮ ಮನೆಗೂ ಆ ಮರಕ್ಕೂ ಮೂವತ್ತು ಹೆಜ್ಜೆ. ನಾನು ಮೂವತ್ತು ಹೆಜ್ಜೆ ದೂರದಲ್ಲಿ ನನ್ನದೇ ದನಿಯನ್ನು ಕೇಳುತ್ತ ಕೂತಿದ್ದೆ.

ಏನೆಂದಳು? ಯಾರೂ ಬಾಯಿ ಬಿಡುವುದಿಲ್ಲ. ನನ್ನ ತಮ್ಮನ ಮಗಳು "ಉದ್ದ ಇತ್ತು, ದೊಡ್ಡಪ್ಪ" ಎಂದಷ್ಟೇ ಹೇಳಿ ನೀರಿಗೆ ಹೋದಳು. ನನ್ನನ್ನು ಕಂಡರೆ ಉರಿದುಬೀಳುತ್ತಿದ್ದ ಪಕ್ಕದ ಮನೆಯ ಮುದುಕಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಎಳೆಯ ಕೆಸುವಿನೆಲೆಯ ಪೊಟ್ಟಣ ಕಳಿಸಿದ್ದಾಳೆ, ಹಾಗಾದರೆ ಎಸೆತಾ ನನ್ನನ್ನು ಹೊಗಳಿದ್ದಾಳೆಂದು ಹಿಗ್ಗಿದೆ. ಪಾದ್ರಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಿದ್ದಾರೆ; ಉಗಿದಿದ್ದಾಳೆಂದು ಕುಗ್ಗಿದೆ. ತಡೆಯಲಾಗದೆ ಎಸೆತಾಳನ್ನೇ ಕೇಳಿದೆ. ಅವಳು ಚಾಪೆಯ ಹೆಣಿಗೆಯಿಂದ ತಲೆಯೆತ್ತಲಿಲ್ಲ.

"ಹೇಳೋದನ್ನ ಹೇಳಾಯ್ತು. ನೀನ್ ಇರ್ಲಿಲ್ಲ."

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ತೀರಾ ಅಷ್ಟಲ್ಲದಿದ್ದರೂ ಎರಡನೆಯ ಸಲ ಬಡಿಸಿಕೊಳ್ಳುತ್ತಿಲ್ಲ. ದಿನಾ ಸಂಜೆ ಅವಳು ಸಭೆಯ ಅಪ್ಪಣೆಯಂತೆ ಮರದ ಬುಡದಲ್ಲಿ ನನ್ನ ಪಕ್ಕ ಕೂರುತ್ತಾಳೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಮನೆಯ ಜನರಿಲ್ಲ, ನಾವಿಬ್ಬರೇ. ಆದರೆ ಪ್ರಾರ್ಥನೆಯ ಹೊತ್ತಾದ್ದರಿಂದ ಪರಸ್ಪರ ಮಾತಾಡುವಂತಿಲ್ಲ. ಕೊನೆಯ ಮನೆಯ ಹಾಡು ನಿಲ್ಲುತ್ತದೆ, ಅವಳು ತಿವಿಯುತ್ತಾಳೆ, ನಾನು ಬಾರಿಸುತ್ತೇನೆ, ಅವಳು ಒಲೆ ನೋಡಲು ಎದ್ದುಹೋಗುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇದು. ತಾವು ಇಷ್ಟು ದೊಡ್ಡ ಕಂಪನಿಯವರು, ಅಳಿಸಿದ ಸದ್ದನ್ನೆಲ್ಲ ಎಲ್ಲಿಯೋ ಒಂದು ಕಡೆ ಜೋಪಾನವಾಗಿ ಇಟ್ಟೇ ಇರುತ್ತೀರಿ. ಯಾರದೋ ವಸ್ತುವನ್ನು ತೆಗೆದುಕೊಂಡವರು ಬಿಸಾಡುವುದು ಮರ್ಯಾದಸ್ಥರ ಲಕ್ಷಣವಲ್ಲ. ತಮ್ಮ ಉಗ್ರಾಣದಲ್ಲಿ ಆ ಗುರುವಾರದ ಕಪಾಟನ್ನು ತೆರೆಸಿ ಹುಡುಕಿಸಿ. ಹೆಣ್ಣಿನ ದನಿ, ಸ್ವಲ್ಪ ಒರಟು, ನನ್ನ ಎಡಗಿವಿಯ ಕಡೆಯಿಂದ ಬಂದದ್ದು, ನಡುವೆ ಒಂದೆರಡು ಸಲ ಕೆಮ್ಮು ಇರಬಹುದು. ಅದೇ ಹೊತ್ತಿನ ಬಸ್ಸಿನವರ ಹಾಡು, ಲೌಫಿಸೋರ ಅತ್ತೆಯ ಆಯಸ್ಸು ತಮ್ಮಲ್ಲೇ ಇರಲಿ. ದನಿ ಸಿಗದಿದ್ದರೆ, ಜಗತ್ತಿನ ಸದ್ದನ್ನೆಲ್ಲ ತಡೆದು ಒಬ್ಬ ಹೆಂಗಸಿನ ದನಿಯನ್ನು ಮಾತ್ರ ಒಳಗೆ ಬಿಡುವ ಹೊಸ ಮಾದರಿಯೊಂದನ್ನು ತಯಾರಿಸಿ. ಮಾರಾಟವಾಗದೆಂದು ತಮ್ಮ ಗುಮಾಸ್ತರು ಹೇಳಿಯಾರು, ನಂಬಬೇಡಿ. ಬ್ಯಾಟರಿಯನ್ನು ಮಾತ್ರ ದಯವಿಟ್ಟು ಸುಧಾರಿಸಬೇಡಿ.

ಉತ್ತರವನ್ನು ಬರೆದೇ ಕಳಿಸಿ, ಬಾಯಲ್ಲಿ ಹೇಳಿದ್ದು ನನಗೆ ತಲುಪುತ್ತಿಲ್ಲ.

ಒಂದು ಕಾಲದಲ್ಲಿ ಎರಡು ಹಂದಿಗಳ ಒಡೆಯನೂ, ಈಗಲೂ ತಮ್ಮ ವಿಶ್ವಾಸಿಯೂ ಆದ,
ಕಿರಿಸೋಮೆ

ಮರೆತ ಮಾತು: ಅಂಚೆಗೆ ಹಾಕುವ ಮೊದಲು, ಬೇರೆಯವರಿಗೆ ಹೇಳುವ ನೆಪದಲ್ಲಾದರೂ ಅವಳಿಗೆ ಮುಟ್ಟಲಿ ಎಂದು, ಈ ಪತ್ರವನ್ನು ಎಸೆತಾಳಿಗೆ ಓದಿ ಹೇಳಿದೆ. ಅವಳು ಸ್ನಾನ ಮಾಡಿ ತಲೆಗೆ ದೊಡ್ಡ ಟವೆಲು ಸುತ್ತಿಕೊಂಡು, ನನಗೆ ಬೆನ್ನು ಹಾಕಿ ಚಾಪೆ ಹೆಣೆಯುತ್ತಿದ್ದಳು. ನಡುನಡುವೆ ತಲೆದೂಗಿದಳು. ಹೆಂಗಸಿನ ದನಿಯ ಭಾಗವನ್ನು ಎರಡು ಸಲ ಓದಿದೆ. ಓದಿ ಮುಗಿಸಿ, ಈಗಲಾದರೂ ಹೇಳು ಎಂದೆ. ಅವಳು ತಲೆದೂಗುತ್ತಲೇ ಇದ್ದಳು. ಹೆಗಲು ಮುಟ್ಟಿದೆ. ಅವಳು ಟವೆಲು ಸರಿಸಿ, ತಮ್ಮ ಬಟ್ಟಲುಗಳಲ್ಲಿ ಒಂದನ್ನು ಕಿವಿಯಿಂದ ಎತ್ತಿದಳು.

"ಏನಂದೆ? ನೀನ್ ಹಾಡೋದು ಕೇಳ್ತಿದ್ದೆ. ನಾಲ್ಕನೇ ಸಾಲಲ್ಲಿ ಈಗ್ಲೂ ಶ್ರುತಿ ಬಿಡ್ತೀಯ."

ಬೆಳಗ್ಗೆ ಪೂರ್ತಿ ತುಂಬಿಸಿಟ್ಟಿದ್ದ ಬ್ಯಾಟರಿ ಆಗಲೇ ಖಾಲಿಯಾಗುತ್ತ ಬಂದಿತ್ತು, ಅಂದರೆ ಅವಳು ದಿನವಿಡೀ ನನ್ನ ದನಿಯನ್ನೇ ಕೇಳಿದ್ದಾಳೆ. ಆದ್ದರಿಂದ ಮಾನ್ಯರೇ, ಬ್ಯಾಟರಿಯ ಬಗ್ಗೆ ಮೇಲೆ ಮಾಡಿದ ಕೋರಿಕೆಯೊಂದನ್ನು ಹೊಡೆದುಹಾಕಿ ಓದಿಕೊಳ್ಳಿ: ಆ ಹಾಳು ಬ್ಯಾಟರಿಯನ್ನು ಆದಷ್ಟು ಬೇಗ ಸುಧಾರಿಸಿ.