ಮೇಲ್ಮನೆಗೆ ಹೋದ ಸೋಫಾ

ಎಲ್ಲ ರಗಳೆಗೂ ಮೂಲ ನಿವೃತ್ತ ಹೆಡ್‌ಮಾಸ್ತರರ ಸೊಂಟ. ಬಡಾವಣೆಯ ಜಪಾನಿ ಬಳಗದ ವಾರ್ಷಿಕೋತ್ಸವದ ದಿನ ಬೆಳಿಗ್ಗೆಯೇ ಅದು ಹಿಡಿದುಕೊಂಡಿತು. ಚಹಾ ಕೂಟದಲ್ಲಿ ಮೊದಲ ಅತಿಥಿಯಾಗಿ ಕೂರಬೇಕಿದ್ದ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅದೇ ಹೊತ್ತಿಗೆ ಕೂಟ ನಡೆಯಬೇಕಿದ್ದ ಲೈಬ್ರರಿಯ ಹಾಲಿಗೆ ಚಾಪೆ ಹೊತ್ತು ತಂದ ಬಸ್ ಕಂಡಕ್ಟರ್, ಅಲ್ಲಿ ಚಹಾ ಮಾಡಿಕೊಡಬೇಕಿದ್ದ ತನ್ನ ಹೆಂಡತಿಯ ಕಣ್ಣಿಗೆ ಬಿದ್ದ.

"ರೀ, ನೀವೇ ಕೂತ್ಕೊಳ್ಳಿ."

"ನಾನಾ? ಚಾಪೆ ಹೊರೋಕೆ ಬಂದವನು ಕಣೇ ನಾನು. ನನಗೇನು ಗೊತ್ತು?"

"ಗೊತ್ತಿರೋದೇನೂ ಬೇಡ. ಮಂಡಿಯೂರಿ ಕೂರೋದು, ಬಟ್ಟಲು ತಿರುಗಿಸಿ ಚಹಾ ಕುಡಿಯೋದು, ಬಟ್ಟಲು ಚೆನ್ನಾಗಿದೆ ಅನ್ನೋದು. ಮಿಕ್ಕ ಅತಿಥಿಗಳು ನಿಮ್ಮನ್ನ ನೋಡ್ಕೊಂಡು ಹಾಗೇ ಮಾಡ್ತಾರೆ. ಅದೇ ಪದ್ಧತಿ."

ಕಂಡಕ್ಟರ್ ಹಗಲೆಲ್ಲ ಬಸ್ಸಿನಲ್ಲಿ ನಿಂತೇ ಇರುವ ಪ್ರಾಣಿ. ಸಂಜೆ ಮನೆಗೆ ಬಂದರೆ ಕಾಲು ಚಾಚಿ ಬೀಳಲು ಒಂದು ಸೋಫಾ ಇತ್ತು. ಹೆಂಡತಿಗೆ ಜಪಾನಿ ಭಾಷೆಯ ಹುಚ್ಚು ಹಿಡಿದು, ಅದು ಭಾಷೆಯಿಂದ ಚಹಾಕ್ಕೆ ದಾಟಿದ ಮೇಲೆ ಅಭ್ಯಾಸಕ್ಕೆಂದು ಸೋಫಾದ ಜಾಗದಲ್ಲಿ ಚಾಪೆ ಬಂತು. ಸೋಫಾ ಮೇಲ್ಮನೆಯ ಹಲ್ಲಿನ ಡಾಕ್ಟರ ಪಾಲಾಯಿತು. ಬಳಗದ ಕಾರ್ಯದರ್ಶಿಯೂ ಆದ ಅವರು "ಪಾಪ, ನಮ್ಮಲ್ಲೇ ಇರಲಿ" ಎಂದು ದೊಡ್ಡ ಮನಸ್ಸು ಮಾಡಿದ್ದರು. ಈಗ ದಿನಾ ಸಂಜೆ ತಲೆಯ ಮೇಲೆ ಅದರ ಸ್ಪ್ರಿಂಗು ಕಿರುಗುಟ್ಟುವುದು ಕೇಳಿಸುತ್ತಿತ್ತು. ಆ ಸದ್ದಿಗೆ ಕಂಡಕ್ಟರನ ಹೊಟ್ಟೆ ಉರಿಯುತ್ತಿತ್ತು.

"ಜಪಾನಿಂದ ಬಂದಿರೋ ಗುರುಗಳು ಇವತ್ತು ನನ್ನ ಪಾಸು ಮಾಡಿದ್ರೆ ಇಲ್ಲೇ ಲೈಬ್ರರಿಯಲ್ಲಿ ನನಗೆ ಕ್ಲಾಸು ನಡೆಸೋಕೆ ಕೊಡ್ತಾರೆ," ಎಂದಳು ಹೆಂಡತಿ. "ಆಮೇಲೆ ಮನೇಲಿ ಚಾಪೆ ಯಾಕೆ? ಸಂಜೆಗೇ ಸೋಫಾ ಇಳಿಸಿಬಿಡೋಣ."

ಕಂಡಕ್ಟರ್ ಬೂಟು ಬಿಚ್ಚಿದ.

ಬಾಗಿಲಲ್ಲಿ ಡಾಕ್ಟರು ಅಡ್ಡ ಬಂದರು. "ನಿಮ್ಮ ಕೈಲಿ ಆಗುತ್ತೇನ್ರೀ? ಪರೀಕ್ಷೆ ಮುಂದಿನ ವರ್ಷ ಇಟ್ಕೊಂಡ್ರೂ ನಡೆಯುತ್ತೆ. ಅವಸರ ಏನಿದೆ?"

"ಅವಸರ ಇದೆ ಡಾಕ್ಟ್ರೇ," ಎಂದು ಕಂಡಕ್ಟರ್ ಪಕ್ಕದಿಂದ ನುಸುಳಿದ.

ಒಳಗೆ ಬಾಗಿಲ ಹತ್ತಿರವೇ ಜನ ಗುಂಪುಗಟ್ಟಿದ್ದರು. ಅಭ್ಯಾಸಬಲ, ಅವನ ಬಾಯಿ ತಾನಾಗಿ ತೆರೆಯಿತು. "ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ನಿಲ್ಬೇಡಿ!" ಅತಿಥಿಗಳೆಲ್ಲ ದಡಬಡ ಒಳಗೆ ಸರಿದು ಒತ್ತೊತ್ತಾಗಿ ಕೂತರು. ನರೆಗೂದಲಿನ ಪುಟ್ಟ ಗುರುಗಳೂ ಸರಿದು ಗೋಡೆಗೆ ಅಂಟಿಕೊಂಡರು.

ಹೆಂಡತಿ ಬಟ್ಟಲಿನ ಹಸಿರು ಚಹಾಪುಡಿಗೆ ಬಿಸಿನೀರು ಹಾಕಿ ಬಿದಿರಿನ ಕಡೆಗೋಲಿನಲ್ಲಿ ನೊರೆ ಎಬ್ಬಿಸತೊಡಗಿದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಸಾಲಿನ ಮೊದಲಲ್ಲಿ ಮಂಡಿಯೂರಿ ಕೂತಿದ್ದ ಕಂಡಕ್ಟರನ ಪಾದಗಳಿಗೆ ಮೊದಲು ಇರುವೆ ಹತ್ತಿದಂತಾಯಿತು. ಜೋಮು ಮಂಡಿಗೆ ಏರಿತು. ಕೊನೆಗೆ ಕಾಲುಗಳು ಇವೆಯೋ ಮನೆಯಲ್ಲೇ ಬಿಟ್ಟು ಬಂದೆನೋ ಎಂಬ ಅನುಮಾನ ಬಂತು. ಪರೀಕ್ಷೆಗೆಂದು ತೊಡೆಗೆ ಒಂದು ಏಟು ಕೊಟ್ಟುಕೊಂಡ.

ಪಕ್ಕದ ಅಜ್ಜಿ ಗಂಭೀರವಾಗಿ ತನ್ನ ತೊಡೆಗೆ ಹೊಡೆದುಕೊಂಡರು. ಅವರ ಪಕ್ಕದ ಬ್ಯಾಂಕ್ ಮ್ಯಾನೇಜರೂ ಹೊಡೆದುಕೊಂಡರು. ಏಟಿನ ಸದ್ದು ಸಾಲಿನ ಕೊನೆಯವರೆಗೂ ಹೋಯಿತು. 'ಸುಮ್ಮನಿರಿ' ಎಂಬಂತೆ ಕಂಡಕ್ಟರ್ ಅಜ್ಜಿಯನ್ನು ಗುರ್ರೆಂದು ನೋಡಿದ. ಅಜ್ಜಿ ಮ್ಯಾನೇಜರನ್ನು ಗುರ್ರೆಂದು ನೋಡಿದರು. ಮ್ಯಾನೇಜರು ನೋಡಿದ ನೋಟಕ್ಕೆ ಅವರ ಪಕ್ಕದ ಹೆಂಗಸು ಬೆಚ್ಚಿಬಿದ್ದಳು.

ಬಟ್ಟಲು ಬಂತು. ತಿರುಗಿಸಿ ಕುಡಿದ. ಕಷಾಯಕ್ಕಿಂತ ಕಹಿ! ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು. ಇನ್ನೂ ಚಹಾ ಮುಟ್ಟದವರೆಲ್ಲ ಶ್ರದ್ಧೆಯಿಂದ ಮುಖ ಹಿಂಡಿಕೊಂಡರು.

ಈಗ ನಮಸ್ಕಾರ ಮಾಡಿದರೆ ಮುಗಿಯಿತು, ಸೋಫಾ ಬಂದಂತೆಯೇ ಎಂದುಕೊಂಡು ಕಂಡಕ್ಟರ್ ಬಾಗಿದ. ಬಾಗುವುದೇನೋ ಆಯಿತು, ಏಳುವುದಾಗಲಿಲ್ಲ. ಒದ್ದಾಡಿ ಸೊಂಟ ಎತ್ತುವಷ್ಟರಲ್ಲಿ ಕಾಲುಗಳು ಕೈಕೊಟ್ಟವು. ದೊಪ್ಪನೆ ಪಕ್ಕಕ್ಕೆ ಉರುಳಿದ. ಅಜ್ಜಿ ಒಂದು ಕ್ಷಣ ಯೋಚಿಸಿ, ಸೆರಗು ಸರಿಮಾಡಿಕೊಂಡು, ತಾವೂ ಮೆಲ್ಲಗೆ ಪಕ್ಕಕ್ಕೆ ಉರುಳಿದರು. ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಸೈಕಲುಗಳ ಹಾಗೆ ಇಡೀ ಸಾಲು ಮಲಗಿತು.

"ಬಟ್ಟಲು ಚೆನ್ನಾಗಿದೆ," ಎಂದ ಕಂಡಕ್ಟರ್, ಬಿದ್ದಲ್ಲಿಂದಲೇ.

"ಬಟ್ಟಲು ಚೆನ್ನಾಗಿದೆ," ಎಂದಿತು ಸಾಲು.

ಕಂಡಕ್ಟರ್ ಕಣ್ಣು ಮುಚ್ಚಿಕೊಂಡ. ಸೋಫಾ ಹೋಯಿತು, ಅದಿರಲಿ, ವರ್ಷಗಟ್ಟಲೆ ಕಲಿತವಳ ಮರ್ಯಾದೆಯನ್ನೂ ಕಳೆದೆನಲ್ಲ ಎಂದು ಅವನಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ತಲೆಯ ಕೆಳಗೆ ಏನೋ ಮೆತ್ತಗೆ ತಗುಲಿತು. ಹೆಂಡತಿ ಮುಖದ ಮೇಲಿನ ನಗು ಕದಲದಂತೆ ಒಬ್ಬೊಬ್ಬರ ತಲೆಯಡಿಗೂ ಲೈಬ್ರರಿಯ ಕುರ್ಚಿಗಳ ದಿಂಬು ಇಡುತ್ತ ಹೋಗುತ್ತಿದ್ದಳು.

ಗುರುಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಜಪಾನಿಯಲ್ಲಿ ಏನೋ ಹೇಳಿದರು. ಡಾಕ್ಟರು ಒಲ್ಲದ ಮನಸ್ಸಿನಿಂದ ಅನುವಾದಿಸಿದರು. "ಅತಿಥಿ ಎಂಥವನೇ ಆಗಿರಲಿ, ಅವನಿಗೆ ಹಿತವಾಗೋ ಹಾಗೆ ನಡ್ಕೊಳ್ಳೋದೇ ಚಹಾ ಕೂಟವಂತೆ. ಇದಕ್ಕಿಂತ ಕಷ್ಟದ ಅತಿಥಿಯನ್ನ ಅವರು ನೋಡಿಲ್ಲವಂತೆ. ಪಾಸು."

ಚಪ್ಪಾಳೆಯೋ ಚಪ್ಪಾಳೆ. ಕಂಡಕ್ಟರನಿಗೆ ಹೆಂಡತಿಯ ಮೇಲೆ ಹೆಮ್ಮೆ ಉಕ್ಕಿತು. ಅದರ ಬೆನ್ನಿಗೇ ಸೋಫಾ ಕಣ್ಮುಂದೆ ಬಂತು.

ಡಾಕ್ಟರು ಮಾತ್ರ ಗುರುಗಳ ಕಿವಿಯಲ್ಲಿ ಬಹಳ ಹೊತ್ತು ಏನೋ ಊದುತ್ತಿದ್ದರು. ಗುರುಗಳು ಸಂತೋಷದಿಂದ ತಲೆಯಾಡಿಸಿದರು. ಡಾಕ್ಟರು ಸಭೆಯ ಕಡೆ ತಿರುಗಿದಾಗ ಅವರ ಮುಖ ಅರಳಿತ್ತು.

"ಇನ್ನೊಂದು ಸಿಹಿಸುದ್ದಿ! ಇಂಥ ಸತ್ಕಾರ ಲೈಬ್ರರಿಗೆ ಒಗ್ಗೋದಲ್ಲ, ಮನೆಯಲ್ಲೇ ನಡೀಬೇಕು ಅಂತ ನಾನು ಅರಿಕೆ ಮಾಡ್ಕೊಂಡೆ. ಗುರುಗಳು ಒಪ್ಪಿದ್ರು. ಇನ್ಮೇಲೆ ಕ್ಲಾಸು ಇವರ ಮನೇಲೇ, ದಿನಾ ಸಂಜೆ. ಯಜಮಾನರೇ ಕಾಯಂ ಮೊದಲ ಅತಿಥಿ!"

"ಅಯ್ಯೋ, ಇಷ್ಟು ಜನಕ್ಕೆ ನಮ್ಮ ನಡುಮನೆ ಎಲ್ಲಿ ಸಾಲುತ್ತೆ?" ಎಂದಳು ಹೆಂಡತಿ, ಹಿಗ್ಗಿನಲ್ಲಿ ಕೆಂಪಾಗಿ. "ಮಲಗೋ ರೂಮೂ ಖಾಲಿ ಮಾಡ್ಬೇಕಾಗುತ್ತೆ."

ಸಂಜೆ ಮಂಚ ಮೇಲ್ಮನೆಯ ಮೆಟ್ಟಿಲು ಹತ್ತಿತು. ಒಂದು ಕಡೆ ಹೆಂಡತಿ ಮತ್ತು ಮ್ಯಾನೇಜರು, ಇನ್ನೊಂದು ಕಡೆ ಜೋಮು ಇನ್ನೂ ಪೂರ್ತಿ ಇಳಿಯದ ಕಂಡಕ್ಟರ್. ಬಾಗಿಲು ತೆರೆದೇ ಇತ್ತು. ಡಾಕ್ಟರು ಕಾಲು ಚಾಚಿ ಒರಗಿದ್ದಲ್ಲಿಂದಲೇ ಕೈಯಾಡಿಸಿ ದಾರಿ ತೋರಿಸಿದರು.

"ಮೆಲ್ಲಗೆ, ಮೆಲ್ಲಗೆ. ನನ್ನ ಸೋಫಾಕ್ಕೆ ತಾಗೀತು."