ಮೊದಲು ಒಳ್ಳೆಯ ಕಾಲು

ನನ್ನ ಸೋದರಮಾವನಿಗೆ ಮನುಷ್ಯರ ಮುಖವೇ ಕಾಣಿಸುವುದಿಲ್ಲ! ಕಣ್ಣು ಸರಿಯಾಗಿಯೇ ಉಂಟು. ನೋಟ ಮಾತ್ರ ಮೊಣಕಾಲಿನಿಂದ ಮೇಲೆ ಏರುವುದಿಲ್ಲ. ಬಂಟ್ವಾಳದ ಮದುವೆ ಹಾಲ್‌ಗಳಲ್ಲಿ ಬಾಗಿಲ ಬಳಿ ನಿಂತು, ಬರುವವರ ನಡಿಗೆ ನೋಡಿಯೇ ಗುರುತು ಹಿಡಿಯುತ್ತಾರೆ. "ಓ, ಎಡ ಮೊಣಕಾಲು ಬಂದದ್ದಾ! ಹೇಗಿದ್ದೀರಿ?" ಎಂದು ಕೇಳಿದರೆ ಎದುರಿನ ಹಿರಿಯರು ಏನು ಹೇಳಬೇಕು ಪಾಪ? ಉಳಿದವರು ಮೊಬೈಲಿನಲ್ಲಿ ಮೊಮ್ಮಕ್ಕಳ ಫೋಟೊ ತೋರಿಸುವಾಗ ಇವರು ಎಕ್ಸ್‌ರೇ ತೋರಿಸುತ್ತಾರೆ. "ನೋಡು ಮಾರಾಯ್ತಿ, ಎಂಥ ಚಂದದ ಕೀಲುಗಂಟು!" ಯಾರದ್ದೆಂದು ಕೇಳಿದರೆ ಬೆಳ್ತಂಗಡಿಯ ಒಂದು ಹೋರಿಯದ್ದು.

ಮಾವ ಪಶುವೈದ್ಯರು. ನಿವೃತ್ತರಾದ ಮೇಲೆ ಕಾರಿನ ಹಿಂದಿನ ಸೀಟು ಕಿತ್ತು ಹಾಕಿ, ಅಲ್ಲಿ ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರವನ್ನೂ ಅಲ್ಟ್ರಾಸೌಂಡ್ ಪೆಟ್ಟಿಗೆಯನ್ನೂ ಪ್ರತಿಷ್ಠಾಪಿಸಿದ್ದಾರೆ.

"ನಮ್ಮನ್ನೆಲ್ಲ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಸೀಟಿಲ್ಲ, ಆ ಪೆಟ್ಟಿಗೆಗೆ ಉಂಟು" ಎಂದು ಅತ್ತೆ ಗೊಣಗಿದರೆ, "ನಿಮಗೆ ಬಸ್ಸುಂಟಲ್ಲ. ಅದಕ್ಕೆ ಉಂಟಾ?" ಎನ್ನುತ್ತಾರೆ.

ಇನ್ನು ಅವರ ನಿಯಮ. ಯಾವ ಪ್ರಾಣಿ ಕುಂಟಿದರೂ ಮೊದಲು ಕುಂಟದ ಕಾಲನ್ನು ನೋಡಬೇಕು! "ಸರಿಯಾದದ್ದು ಹೇಗಿರ್ತದೆ ಅಂತ ಗೊತ್ತಿಲ್ಲದೆ ಕೆಟ್ಟದ್ದನ್ನು ಹೇಗೆ ಹಿಡೀತಿ?" ಮಾತೇನೋ ಸರಿ. ಆದರೆ ಕಾರಿನ ಟಯರು ಪಂಕ್ಚರಾದಾಗಲೂ ಉಳಿದ ಮೂರು ಟಯರುಗಳನ್ನು ತಟ್ಟಿ, ತಡವಿ, ವಿಚಾರಿಸಿಕೊಂಡರೆ? ಆ ದಿನ ಅತ್ತೆ ಬಿಸಿಲಿಗೆ ಸೋತು ಬಸ್ಸು ಹತ್ತಿ ಮನೆ ಸೇರಿದ್ದರು.

ಇಷ್ಟೆಲ್ಲ ಕಾಲಿನ ಪಂಡಿತರು ಸ್ವತಃ ನರಿಕೊಂಬಿನ ನಮ್ಮಜ್ಜಿಯ ಮನೆಯ ದನದ ಹಟ್ಟಿಯ ಒಂದೇ ಒಂದು ಮೆಟ್ಟಿಲಿನಿಂದ ಬಿದ್ದು, ಬಲಗಾಲು ಮುರಿದುಕೊಂಡು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿದ್ದರಂತೆ. ಆಗ ನನಗೆ ಮೂರು ವರ್ಷ. "ಒಂದೇ ಮೆಟ್ಟಿಲಿನ ಡಾಕ್ಟ್ರು" ಎಂದು ಮನೆಮಂದಿ ನಗುವಾಗೆಲ್ಲ ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೇನೆ.

ಕಳೆದ ತಿಂಗಳ ಒಂದು ಭಾನುವಾರ ಮಾವ ಮೂಡುಬಿದಿರೆಯ ನನ್ನ ಮನೆ ಮುಂದೆ ಕಾರು ನಿಲ್ಲಿಸಿದರು. "ಬೇಗ ಹತ್ತು. ವೇಣೂರಿಗೆ ಹೋಗುವ. ಕೋಲು ಹಿಡೀಲಿಕ್ಕೆ ಜನ ಇಲ್ಲ."

ನಾನು ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವಳು. ಕೋಲು ಹಿಡಿಯುವ ಪಾಠ ಯಾವ ಸೆಮಿಸ್ಟರಿನಲ್ಲಿತ್ತು?

ವೇಣೂರಿನಲ್ಲಿ ಕಾಯುತ್ತಿದ್ದವರು ಗಲ್ಫಿನಿಂದ ಮರಳಿ, ಮದುವೆ ದಿಬ್ಬಣಗಳಿಗೆಂದು ಬಿಳಿ ಕುದುರೆ ಸಾಕಿದ ಒಬ್ಬರು. ಕುದುರೆಯ ಹೆಸರು ದುಬೈ. ಹತ್ತು ದಿನಗಳ ಹಿಂದೆ ಅದು ಹೆಣ್ಣುಮರಿ ಹಾಕಿತ್ತು. ಅದಕ್ಕೆ ವೀಸಾ ಎಂದು ಹೆಸರಿಟ್ಟಿದ್ದರು! ನಗಬೇಕೆನ್ನುವಷ್ಟರಲ್ಲಿ ಮರಿ ಕಣ್ಣಿಗೆ ಬಿತ್ತು. ಹಿಂದಿನ ಎಡಗಾಲಿನ ಗಂಟು ಊದಿಕೊಂಡು, ಕಾಲನ್ನು ನೆಲಕ್ಕೂರಲಾಗದೆ ನಡುಗುತ್ತಿತ್ತು.

"ಡಾಕ್ಟ್ರೇ, ಉಳೀತದಾ?" ಯಜಮಾನರು ಮರಿಯ ಕುತ್ತಿಗೆ ಸವರುತ್ತ ಕೇಳಿದರು.

"ಹೊಕ್ಕುಳಿನಿಂದ ಒಳಗೆ ಹೋದ ರೋಗಾಣು ರಕ್ತದಲ್ಲಿ ಬಂದು ಗಂಟಿನಲ್ಲಿ ಕೂತಿರಬೇಕು. ಇವತ್ತೇ ತೊಳೆಯದಿದ್ರೆ ಗಂಟನ್ನೇ ತಿಂದುಬಿಡ್ತದೆ. ನಿಲ್ಲಲಾಗದ ಕುದುರೆ ಬದುಕುವುದಿಲ್ಲ" ಎಂದರು ಮಾವ.

ಮರಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಹಾಸಿಗೆಯ ಮೇಲೆ ಮಲಗಿಸಿದರು. ನನಗೊಂದು ಸೀಸದ ಏಪ್ರನ್ ತೊಡಿಸಿದರು. ಹಾಕಿದ ಕೂಡಲೇ ನನ್ನ ತೂಕ ಇಮ್ಮಡಿಯಾಯಿತು! ಉದ್ದ ಕೋಲಿನ ತುದಿಗೆ ಎಕ್ಸ್‌ರೇ ಪ್ಲೇಟು ಸಿಕ್ಕಿಸಿ ಕೈಗೆ ಕೊಟ್ಟರು. "ಬಲಗಾಲಿನ ಹಿಂದೆ ಹಿಡಿ."

"ಮಾವ, ಊದಿದ್ದು ಎಡಗಾಲು!"

"ಮೊದಲು ಒಳ್ಳೆಯ ಕಾಲು."

"ಟಯರಿನ ಹಾಗೆ ಮಾಡ್ಬೇಡಿ ಮಾವ, ಅದು ಸಾಯ್ತದೆ!" ಎಂದು ನಾನು ಬೈಯುತ್ತಲೇ ಕೋಲು ಚಾಚಿದೆ. ಚಾಚುವ ಭರದಲ್ಲಿ ತಾಯಿ ಕುದುರೆಯ ಹಿಂದೆ ಸರಿದಿದ್ದೆ ಎಂಬುದು ತಿಳಿಯಲಿಲ್ಲ. ದುಬೈಗೆ ಕಂಡದ್ದು ಇಷ್ಟೇ: ಯಾರೋ ಅಪರಿಚಿತೆ ತನ್ನ ಮರಿಗೆ ಕೋಲು ಎತ್ತಿದ್ದಾಳೆ.

ಮಾವ ಏನೋ ಕೂಗಿದರು. ಮರುಕ್ಷಣ ನಾನು ಹುಲ್ಲಿನ ರಾಶಿಯಲ್ಲಿದ್ದೆ. ನನ್ನ ತಲೆ ಇದ್ದ ಜಾಗದಲ್ಲಿ ಒಂದು ಗೊರಸು ಹಾದು ಹೋಯಿತು. ಆ ಗಾಳಿ ಕೆನ್ನೆಗೆ ತಾಗಿತು! ಈಗಲೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಆ ಗಾಳಿ ಬೀಸಿದಂತಾಗಿ ಕೈಯ ಚಾಕ್‌ಪೀಸ್ ಬೀಳುತ್ತದೆ. ಯಜಮಾನರು ದುಬೈಯನ್ನು ಹಗ್ಗ ಜಗ್ಗಿ ಮೂಲೆಗೆ ನಿಲ್ಲಿಸಿದರು. ಮಾವ ಒಂದು ಬಕೆಟನ್ನು ಕವುಚಿ ಹಾಕಿ, ಎಡಗಾಲು ಚಾಚಿ ಕುಳಿತರು. ದಣಿದಿರಬೇಕು ಎಂದುಕೊಂಡೆ.

"ಎದ್ದೇಳು. ಬಲಗಾಲಿನ ಹಿಂದೆ ಹಿಡಿ."

ಹಿಡಿದೆ. ಎಕ್ಸ್‌ರೇಯಲ್ಲಿ ಎರಡು ಕಾಲುಗಳ ಮೂಳೆಯೂ ಚೆನ್ನಾಗಿತ್ತು. "ಖುಷಿ ಪಡ್ಬೇಡ. ಮೂಳೆಯಲ್ಲಿ ಕಾಣಿಸ್ಲಿಕ್ಕೆ ದಿನ ಬೇಕು. ನೀರಿನಲ್ಲಿ ಮೊದಲು ಕಾಣ್ತದೆ" ಎನ್ನುತ್ತ ಅಲ್ಟ್ರಾಸೌಂಡಿನ ಕಡ್ಡಿಯನ್ನು ಮತ್ತೆ ಒಳ್ಳೆಯ ಕಾಲಿಗೇ ಇಟ್ಟರು. ತೆರೆಯ ಮೇಲೆ ಗಂಟಿನ ನೀರು ತೆಳುವಾದ ಕಪ್ಪು ಗೆರೆಯಂತೆ ಇರಬೇಕಂತೆ. ಗೆರೆ ಅಗಲವಾಗಿತ್ತು. ಅದರೊಳಗೆ ಬಿಳಿ ಚುಕ್ಕೆಗಳು, ಕಲಕಿದ ಗಂಜಿಯ ತೆಳಿಯಂತೆ, ಮೆಲ್ಲಗೆ ತೇಲುತ್ತಿದ್ದವು.

"ಇದಕ್ಕೂ ಶುರುವಾಗಿದೆ" ಎಂದರು.

ಹೊರಗೆ ಒಂದಿಷ್ಟೂ ಊತವಿಲ್ಲ! ನನ್ನ ಮಾತು ಕೇಳಿ ಎಡಗಾಲನ್ನಷ್ಟೇ ತೊಳೆದು ಬಂದಿದ್ದರೆ? ಬೆಳಕಿನಲ್ಲೇ ಕಾಣದ್ದನ್ನು ಆ ಕಪ್ಪು ತೆರೆಯಲ್ಲಿ ಕಂಡ ಮನುಷ್ಯನನ್ನು ಬಾಯಿ ತೆರೆದು ನೋಡುತ್ತ ನಿಂತೆ. ಅವರು ತೆರೆ ನೋಡಿಕೊಂಡೇ ಎರಡೂ ಗಂಟುಗಳಿಗೆ ಸೂಜಿ ಇಳಿಸಿ, ಮಬ್ಬು ನೀರನ್ನು ತೆಗೆದು, ಬಾಟಲಿ ಬಾಟಲಿ ಸಲೈನ್ ಹರಿಸಿ ತೊಳೆದರು. ಹೊರಬರುವ ನೀರು ತಿಳಿಯಾಗುವವರೆಗೆ ಬಕೆಟಿನಿಂದ ಏಳಲಿಲ್ಲ. ಆಮೇಲೆ ಏಳಲು ಹೋದರು, ಆಗಲಿಲ್ಲ.

"ಈಗ ನನ್ನ ಕಾಲು ನೋಡುವ" ಎಂದರು.

ಪ್ಯಾಂಟು ಮಡಚಿದರೆ ಎಡ ಮೊಣಕಾಲು ಎಳೆ ಹಲಸಿನಂತೆ ಊದಿತ್ತು. ನನ್ನನ್ನು ಹುಲ್ಲಿಗೆ ದೂಡಿದವರಿಗೆ ದುಬೈಯ ಇನ್ನೊಂದು ಗೊರಸು ತಾಗಿತ್ತು. ನನಗೆ ಬರಬೇಕಾಗಿದ್ದ ಒದೆ!

ಬಂಟ್ವಾಳದ ಸ್ಕ್ಯಾನಿಂಗ್ ಸೆಂಟರಿಗೆ ಅತ್ತೆಯೂ ಓಡಿ ಬಂದರು. ಎಕ್ಸ್‌ರೇ ತೆಗೆಯುವ ಹುಡುಗಿ "ಯಾವ ಕಾಲು ಸರ್?" ಎಂದಳು.

"ಮೊದಲು ಒಳ್ಳೆಯದು."

"ಚೀಟಿಯಲ್ಲಿ ಎಡ ಅಂತ ಮಾತ್ರ ಉಂಟು!" ಎಂದವಳು ಕೊನೆಗೆ ವೈದ್ಯರನ್ನು ಕೇಳಿ ಎರಡನ್ನೂ ತೆಗೆದಳು. ಎಡದ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು. ವೈದ್ಯರು ಬಲಗಾಲಿನ ಚಿತ್ರವನ್ನು ಎತ್ತಿ ಹಿಡಿದರು. ಮೊಣಕಾಲಿನ ಕೆಳಗೆ ಹಳೆಯ ಮುರಿತ ಕೂಡಿದ ದಪ್ಪ ಗುರುತು. "ಇದೇನು ಸರ್?"

"ಮೆಟ್ಟಿಲಿನಿಂದ ಬಿದ್ದದ್ದು" ಎಂದರು ಮಾವ.

"ಬಿದ್ದದ್ದಂತೆ!" ಅತ್ತೆಯ ತಾಳ್ಮೆಯ ಕಟ್ಟೆ ಒಡೆಯಿತು. "ಮೂರು ವರ್ಷದಲ್ಲಿ ಎಮ್ಮೆಯ ಬಾಲ ಎಳೀಲಿಕ್ಕೆ ಹೋದವಳು ಇಲ್ಲೇ ನಿಂತಿದ್ದಾಳೆ, ನೋಡಿ! ಇವಳನ್ನು ಎಳೆದು ಹಾಕಿ ಇವರು ಒದೆ ತಿಂದದ್ದು. ಮಗುವಿಗೆ ಪ್ರಾಣಿಗಳ ಹೆದರಿಕೆ ಹಿಡಿಯಬಾರದು, ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿ ಮುಚ್ಚಿಸಿದ್ರು. ಆ ಮೆಟ್ಟಿಲಿನ ಕತೆ ಹೇಳಿ ನೀವೆಲ್ಲ ನಗುವುದು!"

ನನಗೆ ನಗಲಾಗಲಿಲ್ಲ. ಅಷ್ಟರಲ್ಲಿ ವೇಣೂರಿನಿಂದ ಫೋನು. ವೀಸಾ ನಾಲ್ಕೂ ಕಾಲೂರಿ ನಿಂತು ಹಾಲು ಕುಡಿಯುತ್ತಿದೆಯಂತೆ. ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡು, "ನಾಡಿದ್ದು ಇನ್ನೊಮ್ಮೆ ತೊಳೆಯಬೇಕು. ಕೋಲು ಹಿಡೀಲಿಕ್ಕೆ ಯಾರನ್ನು ಹುಡುಕುವುದು?" ಎಂದರು.

"ನಾನು ಬರ್ತೇನೆ ಮಾವ" ಎಂದೆ. ಮೊದಲು ಯಾವ ಕಾಲು ಎಂದು ಕೇಳಲಿಲ್ಲ.