ಚೆಂಡು ಮುಟ್ಟದ ಆಟಗಾರರು

ನಮ್ಮ ಸೋದರಮಾವ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರು. ಈ ಮಾತನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಅವರು ಅಮೆರಿಕ ನೋಡಿಲ್ಲ, ನಿಜ. ಕಾಲಿನಿಂದ ಯಾವ ಚೆಂಡನ್ನೂ ಒದ್ದಿಲ್ಲ, ಅದೂ ನಿಜ. ಇನ್ನು, ಇಡೀ ಆಟದ ಜೀವನದಲ್ಲಿ ಚೆಂಡನ್ನು ಒಮ್ಮೆಯೂ ಮುಟ್ಟಿಲ್ಲ ಎನ್ನುವುದು ತೀರಾ ಸಣ್ಣ ವಿವರ. ಆಡಿದ್ದಕ್ಕೆ ಸಂಬಳ ಬಂದಿತ್ತಲ್ಲ! ವೃತ್ತಿಪರ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಊರೆಲ್ಲ ನಕ್ಕರೂ ಮಾವ ತಲೆ ಕೆಡಿಸಿಕೊಂಡವರಲ್ಲ. ಆದರೆ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಅಂದರೆ ನಮ್ಮ ಅಮ್ಮ, ಒಂದೇ ಒಂದು ಸಲ ‘ನೀನು ಆಟಗಾರ ಕಣ್ಲಾ’ ಅನ್ನಬೇಕು ಎಂಬುದು ಅವರ ಆಸೆ. ಅಮ್ಮ ಅನ್ನುತ್ತಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲವಂತೆ!

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಎಲ್ಲರೂ ಉದ್ದಕ್ಕೆ ಬೆಳೆದರೆ ಮಾವ ಅಗಲಕ್ಕೆ ಬೆಳೆದರು. ಕೆಲವು ವರ್ಷಗಳ ಹಿಂದೆ ಯಾರೋ ಉತ್ಸಾಹಿಗಳು ಈ ಆಟವನ್ನು ನಮ್ಮ ದೇಶದಲ್ಲೂ ನಡೆಸುತ್ತೇವೆಂದು ತಂಡ ಕಟ್ಟಿ, ದಪ್ಪ ಆಳುಗಳನ್ನು ಹುಡುಕುತ್ತಿದ್ದರು. ಬೆಂಗಳೂರಿನ ರಸ್ತೆಯೊಂದರಲ್ಲಿ ಮಾವ ಕೆಟ್ಟ ಆಟೊವೊಂದನ್ನು ಏರಿನಲ್ಲಿ ಒಬ್ಬರೇ ತಳ್ಳುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಆಟೊದೊಳಗೆ ಡ್ರೈವರ್ ಕೂತಿದ್ದ. ಅವನ ಹೆಂಡತಿ, ಅತ್ತೆ, ಒಂದು ಗ್ಯಾಸ್ ಸಿಲಿಂಡರ್ ಕೂಡ ಕೂತಿದ್ದವು. ಪರೀಕ್ಷೆ ಅಲ್ಲಿಗೇ ಮುಗಿಯಿತು.

ಆಟ ಒಂದು ಋತು ನಡೆಯಿತು. ಆಮೇಲೆ ತಂಡವೂ ಇಲ್ಲ, ಕಟ್ಟಿದವರೂ ಇಲ್ಲ. ಮಾವ ಒಂದು ಹೆಲ್ಮೆಟ್ಟು ಹಿಡಿದುಕೊಂಡು ಊರಿಗೆ ಮರಳಿದರು. ಮೊದಲು ಅದನ್ನು ತೋರಿಸಲು ಹೋದದ್ದು ಕೆಜಿಎಫ್‌ಗೆ, ನಂದಿದುರ್ಗ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿದ್ದ ಪರಿಚಯದ ತಾತನ ಹತ್ತಿರ. ತಾತ ಗಣಿಯಲ್ಲಿ ದುಡಿದವರು, ಸಂಜೆ ಹೊತ್ತು ಬರಿಗಾಲಲ್ಲಿ ಫುಟ್‌ಬಾಲ್ ಆಡಿದವರು. ಹೆಲ್ಮೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಏನ್ ತಂಬಿ, ಲೈಟೇ ಇಲ್ಲ? ಇದ್ನ ಹಾಕ್ಕೊಂಡು ಕೆಳಗೆ ಹೆಂಗೆ ಇಳೀತೀಯ?”

“ತಾತಾ, ಇದು ಫುಟ್‌ಬಾಲ್ ಆಡಾಕೆ.”

“ಅಯ್ಯಯ್ಯೋ! ತಲೆಗೆ ಇಷ್ಟು ಭಯ ಇದ್ರೆ ಗೋಲ್ ಎಲ್ಲಿಂದಪ್ಪಾ ಹೊಡೀತೀಯ?”

“ಗೋಲ್ ಹೊಡಿಯೋನು ಬ್ಯಾರೆ ತಾತಾ. ಚೆಂಡು ಹಿಡ್ಕಂಡು ಓಡೋನ್ನ ಯಾರೂ ಕೆಡವದಂಗೆ ಅಡ್ಡ ನಿಲ್ಲೋದು ನನ್ ಕೆಲ್ಸ.”

“ಓ, ವಾಚ್‌ಮನ್ನಾ! ಮೊದ್ಲೇ ಹೇಳ್ಬಾರ್ದಾ?”

ಮನೆಯಲ್ಲಿ ವಿಚಾರಣೆ ಇನ್ನೂ ಕಠಿಣವಾಗಿತ್ತು. ಚೆಂಡು ನಡುವೆ ದಪ್ಪ, ಎರಡು ತುದಿಗೂ ಚೂಪು ಎಂದು ಮಾವ ಕೈಯಲ್ಲಿ ತೋರಿಸುತ್ತಿದ್ದರೆ ಅಮ್ಮ ರಾಗಿ ಕೇರುತ್ತಲೇ ಕೇಳಿದಳು: “ಅಲ್ಲ ಕಣ್ಲಾ, ಅಷ್ಟು ದಿನ ಓಗಿ ಒಂದ್ಸಲಾನೂ ಚೆಂಡು ಮುಟ್ನಿಲ್ವೇನ್ಲಾ?”

“ಮುಟ್ಟಂಗಿಲ್ಲಕ್ಕಾ. ನನ್ ಜಾಗದಾಗೆ ನಿಂತೋನು ಮುಟ್ಟುದ್ರೆ ತಪ್ಪು.”

“ಮುಟ್ಟುದ್ರೆ ತಪ್ಪಾಗಾಕೆ ಅದೇನ್ ಚೆಂಡೋ, ಗರ್ಭಗುಡಿಯೋ?”

ಹೊಟ್ಟೆಪಾಡಿಗೆಂದು ಮಾವ ಹಸು ಕಟ್ಟಿದರು. ಹಸು ಒದೆಯುವ ಜಾತಿಯದು. ಮಾವ ಹೆಲ್ಮೆಟ್ಟು ಹಾಕಿಕೊಂಡೇ ಹಾಲು ಕರೆದರು. ತಿಂಗಳೊಪ್ಪತ್ತಿನಲ್ಲಿ ಹಸು ಒದೆಯುವುದನ್ನು ಬಿಟ್ಟಿತು, ಆದರೆ ಹೆಲ್ಮೆಟ್ಟಿಲ್ಲದವರನ್ನು ಹತ್ತಿರ ಸೇರಿಸುವುದನ್ನೂ ಬಿಟ್ಟಿತು. ಮಾವ ಊರಲ್ಲಿಲ್ಲದ ದಿನ ನಮ್ಮತ್ತೆ ಸೆರಗಿನ ಮೇಲೆ ಹೆಲ್ಮೆಟ್ಟು ಧರಿಸಿ ಕೊಟ್ಟಿಗೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂಗಾರಪೇಟೆಯಲ್ಲಿ ಪಾನಿಪೂರಿ ಗಾಡಿಯನ್ನೂ ಇಟ್ಟರು. ಪೂರಿಗೆ ಹೆಬ್ಬೆರಳಿನಿಂದ ತೂತು ಮಾಡಬೇಕಷ್ಟೆ? ಮಾವನ ಹೆಬ್ಬೆರಳು ಹೊಕ್ಕ ಮೇಲೆ ಪೂರಿ ಎಲ್ಲಿ ಉಳಿದೀತು! ಗಿರಾಕಿಗಳು ಪಾನಿಯನ್ನಷ್ಟೇ ಕುಡಿದು ಹೋದರು.

ಕಲ್ಯಾಣ ಮಂಟಪದ ಕೆಲಸ ಮಾತ್ರ ಅವರಿಗಾಗಿಯೇ ಹುಟ್ಟಿದಂತಿತ್ತು. ಮೊದಲ ಪಂಕ್ತಿ ಏಳುವ ಮುನ್ನ ಊಟದ ಹಾಲ್‌ಗೆ ನುಗ್ಗಿ, ಉಣ್ಣುವವರ ಬೆನ್ನಿಗೆ ನಿಲ್ಲುವುದು ನಮ್ಮ ಜನರ ಹಳೆಯ ಸಂಪ್ರದಾಯ. ಮಾವ ಬಾಗಿಲಿಗೆ ನಿಂತರು. ಮೊಸರನ್ನವನ್ನು ಕೂಡ ಜನ ನಿಧಾನವಾಗಿ ಉಂಡರು. ಆದರೆ ಆ ದಿನ ಅವರು ತಡೆದವರಲ್ಲಿ ಗಂಡಿನ ತಂದೆಯೂ ಒಬ್ಬರು. “ನಾನು ಬೀಗ ಕಣಯ್ಯಾ!” ಎಂದು ಅವರು ಕೂಗಿದರೆ ಮಾವ ಶಾಂತವಾಗಿ, “ಬಾಗ್ಲಿದ್ದ ಮ್ಯಾಲೆ ಬೀಗ ಇರ್ಬೇಕು ಸಾಮೀ, ಇಲ್ಲೇ ನಿಂತ್ಕಳಿ” ಅಂದರಂತೆ. ಕೆಲಸ ಅಲ್ಲಿಗೆ ಮುಗಿಯಿತು.

“ಅಲ್ಲೂ ಅಡ್ಡ ನಿಂತಿದ್ದೇ ಬಂತು,” ಅಂದಳು ಅಮ್ಮ. ಮಾವ ತಲೆ ತಗ್ಗಿಸಿ ಕಾಫಿ ಕುಡಿದರು.

ಹೋದ ವರ್ಷ ಅಮ್ಮನ ಕಣ್ಣಿಗೆ ಪೊರೆ ಬಂತು. ಬೆಂಗಳೂರಿನಲ್ಲಿ ಆಪರೇಷನ್ನು. ಬೆಳಗ್ಗೆ ಹೇಳಿದ ಹೊತ್ತಿಗೆ ಹಾಜರಾಗದಿದ್ದರೆ ಮತ್ತೆ ಸರದಿ ಯಾವಾಗಲೋ. ಮಾವ, ನಾನು, ಅಮ್ಮ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆವು. ಅಂದು ಸೋಮವಾರ. ಮಾರಿಕುಪ್ಪಂನಿಂದ ಹೊರಟ ರೈಲು ಉರಿಗಾಂ ಜನರನ್ನೆಲ್ಲ ತುಂಬಿಕೊಂಡು ಬಂದು ನಿಂತಿತು. ಕಿಟಕಿಯಿಂದ ಟವೆಲ್ಲು ಬಿಸಾಡಿ ಸೀಟು ಹಿಡಿಯುವುದು ನಮ್ಮ ಕಡೆ ಕಾನೂನಿಗಿಂತ ಗಟ್ಟಿ. ಸರಳಿಲ್ಲದ ತುರ್ತು ಕಿಟಕಿಯಿಂದ ನಾನೂ ಬಿಸಾಡಿದೆ. ಸರಿಯಾಗಿ ಖಾಲಿ ಸೀಟಿಗೇ ಬಿತ್ತು! ಆದರೆ ಟವೆಲ್ಲು ಒಳಗೆ, ಅಮ್ಮ ಹೊರಗೆ, ಬಾಗಿಲಲ್ಲಿ ಬಂಗಾರಪೇಟೆಯ ಅರ್ಧ ಜನಸಂಖ್ಯೆ.

ಮಾವ ಬುತ್ತಿಯ ಚೀಲವನ್ನು ಅಮ್ಮನಿಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿದರು. ಮೈದಾನದಲ್ಲಿ ಆಟ ಶುರುವಾಗುವ ಮುನ್ನ ಕೂರುತ್ತಿದ್ದ ಹಾಗೆ ಮಂಡಿ ಬಗ್ಗಿಸಿ, ಮೂರು ಬೆರಳನ್ನು ಪ್ಲಾಟ್‌ಫಾರ್ಮಿಗೆ ಊರಿ ಕೂತರು. ಪಕ್ಕದಲ್ಲಿದ್ದವರೊಬ್ಬರು, “ಏನ್ ಬಿದ್ದೋಯ್ತು ಸಾಮೀ?” ಎಂದು ತಾವೂ ಬಗ್ಗಿ ಹುಡುಕತೊಡಗಿದರು.

“ಅಕ್ಕಾ, ನನ್ ಶರ್ಟು ಇಡ್ಕ. ಬುಡಬ್ಯಾಡ.”

ಎದ್ದರು. ಯಾರನ್ನೂ ಕೆಡವಲಿಲ್ಲ, ಯಾರಿಗೂ ಬೈಯಲಿಲ್ಲ. ಎರಡು ಮೊಣಕೈ ಅಗಲಿಸಿಕೊಂಡು ಬಾಗಿಲವರೆಗೆ ನಡೆದು, ಗುಂಪಿಗೆ ಎದೆಯೊಡ್ಡಿ ತಿರುಗಿ ನಿಂತರು ಅಷ್ಟೆ. ಅವರ ಬೆನ್ನ ಹಿಂದೆ ಒಬ್ಬ ಮುದುಕಿ ಹತ್ತುವಷ್ಟು ಜಾಗ ಹುಟ್ಟಿತು. ಅಮ್ಮ ಹತ್ತಿದಳು. ಸೆರಗಿನ ಮಡಿಕೆ ಕೂಡ ಕೆಡಲಿಲ್ಲ. ಹಿಂದೆಯೇ ನಾನು ಹತ್ತಿದೆ. ಅಷ್ಟರಲ್ಲಿ ತಡೆದಿದ್ದ ಜನವೆಲ್ಲ ಒಮ್ಮೆಗೇ ನುಗ್ಗಿ ಬಾಗಿಲು ತುಂಬಿತು. ಮಾವ ಕೆಳಗೇ ಉಳಿದರು.

ಅಮ್ಮ ಟವೆಲ್ಲು ಬಿದ್ದ ಸೀಟಿನಲ್ಲಿ ಕೂತು ಆ ಕಿಟಕಿಯಿಂದಲೇ ಕೂಗಿದಳು: “ಲೇ, ನೀನು ಬರ್ನಿಲ್ವಲ್ಲಾ!”

“ನಾನ್ ಬರಾದಲ್ಲಕ್ಕಾ ಕೆಲ್ಸ, ನಿನ್ನ ಕಳ್ಸಾದು!”

ರೈಲು ಕದಲಿತು. ಅಮ್ಮ ಚೀಲಕ್ಕೆ ಕೈಹಾಕಿ ಮಾವನ ಪಾಲಿನ ಬುತ್ತಿ ತೆಗೆದಳು. ಸುರುಳಿ ಸುತ್ತಿದ ರಾಗಿ ರೊಟ್ಟಿ, ಬಟ್ಟೆಯಲ್ಲಿ ಬಿಗಿದು ಎರಡು ಕಡೆಯೂ ಗಂಟು ಹಾಕಿದ್ದು. ನಡುವೆ ದಪ್ಪ, ಎರಡು ತುದಿಗೂ ಚೂಪು. ಪೊರೆಗಣ್ಣಿಗೆ ಏನು ಕಂಡಿತೋ, ತಮ್ಮನ ದನಿ ಬಂದ ದಿಕ್ಕಿಗೆ ಬೀಸಿ ಎಸೆದಳು.

“ಇಡ್ಕೊಳ್ಲಾ!”

ಮಾವ ಜನರ ತಲೆಗಳ ಮೇಲೆ ಎರಡೂ ಕೈ ಚಾಚಿ ಹಿಡಿದರು. ಹಿಡಿದದ್ದನ್ನು ಎದೆಗವಚಿಕೊಂಡು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ ಬಗ್ಗಿ, ಹಾಗೇ ನಿಂತುಬಿಟ್ಟರು.

“ಯಾರಮ್ಮಾ ಅದು?” ಪಕ್ಕದ ಹೆಂಗಸು ಕೇಳಿದಳು.

ಅಮ್ಮ ಪ್ಲಾಟ್‌ಫಾರ್ಮು ಮುಗಿಯುವ ತನಕ ಆ ಕಡೆಯೇ ನೋಡುತ್ತಿದ್ದಳು. “ನನ್ ತಮ್ಮ,” ಅಂದಳು. “ಫುಟ್‌ಬಾಲ್ ಆಟಗಾರ.”

ಈ ಮಾತು ಮಾವನಿಗೆ ಕೇಳಿಸಲಿಲ್ಲ. ಅಮ್ಮ ಎದುರಿಗೆ ಹೇಳುವವಳೂ ಅಲ್ಲ. ಅದಕ್ಕೇ ನಾನು ಬರೆದಿಟ್ಟೆ.